ಟೀಮ್ ಲೀಡರ್ ಆಗಲು 65 ಸಾವಿರದ ಡಿಪ್ಲೊಮಾ ಬೇಕೇ?

ಓದುಗರ ಪ್ರಶ್ನೆ: "ನನಗೆ 27 ವರ್ಷ. ದಾವಣಗೆರೆ ಹತ್ತಿರದ ಹಳ್ಳಿಯವನು. ಬಿಕಾಂ ಮುಗಿಸಿ ನಾಲ್ಕು ವರ್ಷದಿಂದ ಬೆಂಗಳೂರಿನ ಕಾಲ್ ಸೆಂಟರ್ ಒಂದರಲ್ಲಿದ್ದೇನೆ. ಆನ್‌ಲೈನ್ ಶಾಪಿಂಗ್ ಕಂಪನಿಯೊಂದರ ಕನ್ನಡ ಗ್ರಾಹಕರ ಕರೆ ತೆಗೆದುಕೊಳ್ಳುತ್ತೇನೆ. ನಮ್ಮ ಫ್ಲೋರಿನಲ್ಲಿ ನನ್ನ ಸ್ಕೋರೇ ಜಾಸ್ತಿ. ಆದರೂ ಟೀಮ್ ಲೀಡರ್ ಹುದ್ದೆಗೆ ಎರಡು ಸಲ ಅರ್ಜಿ ಹಾಕಿದಾಗಲೂ ನನ್ನನ್ನು ಬಿಟ್ಟರು. 'ಲೀಡರ್‌ಶಿಪ್ ಇನ್ನೂ ಬೆಳೀಬೇಕು' ಎಂದರು, ಅಷ್ಟೇ. ಈಗ ಒಂದು ಸಂಸ್ಥೆಯವರು ಕಸ್ಟಮರ್ ಸರ್ವಿಸ್ ಮತ್ತು ಸೂಪರ್‌ವೈಸರ್ ಡಿಪ್ಲೊಮಾ ಇದೆ, ಆರು ತಿಂಗಳು, 65 ಸಾವಿರ ಫೀಸು, ಕೆಲಸ ನೂರಕ್ಕೆ ನೂರು ಖಾತ್ರಿ ಎನ್ನುತ್ತಿದ್ದಾರೆ. ಅಮ್ಮ ಸರ ಅಡ ಇಟ್ಟು ಕೊಡುತ್ತೇನೆ ಎಂದಿದ್ದಾಳೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಮಾತೂ ಕಡಿಮೆ. ಒಂದು ವೇಳೆ ಟಿಎಲ್ ಆದರೂ ನನ್ನ ಜೊತೆ ಊಟ ಮಾಡುವ ಗೆಳೆಯರಿಗೆ ನಾನು ಹೇಗೆ ಜೋರು ಮಾಡಲಿ? ಈ ಕೋರ್ಸ್ ಸೇರಲೋ ಬೇಡವೋ?"

ಉತ್ತರ:

ಅಮ್ಮನ ಸರದ ಮಾತು ಬಂದಿರುವುದರಿಂದ ದುಡ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಕೋರ್ಸಿಗೆ ಈಗ ಹಣ ಕಟ್ಟಬೇಡಿ. ನಿಮಗೆ ಬೇಕಾದ ತರಬೇತಿಯ ಬಹುಪಾಲು ನೀವು ದಿನಾ ಕೂರುವ ಕುರ್ಚಿಯ ಸುತ್ತಮುತ್ತಲೇ ಇದೆ. ಅದನ್ನು ಕೇಳಿ ಪಡೆಯುವ ದಾರಿ ನಿಮಗೆ ಯಾರೂ ತೋರಿಸಿಲ್ಲ.

ನಾನು ಆರು ವರ್ಷ ಹೆಡ್‌ಸೆಟ್ ಹಾಕಿ ಕೆಲಸ ಮಾಡಿದವನು. ಆಮೇಲೆ ಟಿಎಲ್ ಆದೆ, ಈಗ ತರಬೇತಿ ಕೊಡುತ್ತೇನೆ. ಐಜೆಪಿ ಸಂದರ್ಶನಗಳಲ್ಲಿ ಮೇಜಿನ ಆ ಕಡೆಯೂ ಕೂತಿದ್ದೇನೆ. ಒಳಗಿನವರಿಗೇ ಹುದ್ದೆ ಕೊಡಲು ನಡೆಸುವ ಆ ಸಂದರ್ಶನಕ್ಕೆ ನಿಮ್ಮಂಥ ಹುಡುಗರು ತುಂಬಾ ಜನ ಬರುತ್ತಾರೆ. ಫ್ಲೋರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಕರೆ ನಿಭಾಯಿಸುವವರು ಅವರು. ಆದರೆ ಕೋಣೆಯಿಂದ ಹೊರಗೆ ಹೋಗುವಾಗ ಮುಖ ಸಣ್ಣದಾಗಿರುತ್ತದೆ. ಯಾಕೆ ಬಿಟ್ಟರು ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. "ಲೀಡರ್‌ಶಿಪ್ ಬೆಳೀಬೇಕು" ಎಂದರೆ ಏನು ಅರ್ಥ ಮಾಡಿಕೊಳ್ಳಬೇಕು ಹೇಳಿ? ಅದು ಫೀಡ್‌ಬ್ಯಾಕ್ ಆಗಲಿಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದೇ.

ಅವರು ಹೇಳದೆ ಬಿಟ್ಟದ್ದನ್ನು ನಾನು ಹೇಳಲು ಪ್ರಯತ್ನಿಸುತ್ತೇನೆ.

ನಿಮ್ಮ ಸ್ಕೋರು ಹೇಳುವುದು ನಿಮ್ಮ ಕರೆ ಹೇಗಿರುತ್ತದೆ ಎಂದು. ಪಕ್ಕದವನ ಮುಂದಿನ ಕರೆ ಇವತ್ತಿಗಿಂತ ಚೆನ್ನಾಗಿರುವಂತೆ ಮಾಡುವುದು ಟಿಎಲ್ ಕೆಲಸ. ಇವೆರಡೂ ಬೇರೆ ಬೇರೆ ಕಸುಬು. ಅಡುಗೆ ಚೆನ್ನಾಗಿ ಮಾಡುವವರೆಲ್ಲ ಮದುವೆ ಮನೆಯ ಅಡುಗೆಯ ಉಸ್ತುವಾರಿ ಮಾಡಲಾರರು, ಅಲ್ವಾ? ಅಲ್ಲಿ ಹದಿನೈದು ಜನರ ಕೈ ಒಂದೇ ಹೊತ್ತಿಗೆ ನಡೆಯಬೇಕು. ಅಮೆರಿಕದ ಮಾರಾಟ ವಿಭಾಗಗಳ ಮೇಲೆ ಅಲನ್ ಬೆನ್ಸನ್, ಡೇನಿಯೆಲ್ ಲೀ ಮತ್ತು ಕೆಲ್ಲಿ ಶೂ ಎಂಬ ಮೂವರು ನಡೆಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಹೆಚ್ಚು ಮಾರಾಟ ಮಾಡಿದವರಿಗೇ ಕಂಪನಿಗಳು ಬಡ್ತಿ ಕೊಡುತ್ತಿದ್ದವು. ಆದರೆ ಅಂಥವರ ಕೈಕೆಳಗಿನವರ ಮಾರಾಟ ಏರುವ ಬದಲು ಇಳಿಯುತ್ತಿತ್ತು. ಮೊದಲೇ ಬೇರೆಯವರ ಜೊತೆ ಸೇರಿ ಕೆಲಸ ಮಾಡಿ ರೂಢಿ ಇದ್ದವರು ಒಳ್ಳೆಯ ಮ್ಯಾನೇಜರ್‌ಗಳಾಗುತ್ತಿದ್ದರು. ಇದನ್ನು ಓದಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಮ್ಮ ಫ್ಲೋರುಗಳಲ್ಲಿ ಕಣ್ಣಾರೆ ಕಂಡದ್ದೇ ಅದು.

ನನ್ನದೇ ಕಥೆ ಹೇಳುತ್ತೇನೆ. ಟಿಎಲ್ ಆದ ಹೊಸದರಲ್ಲಿ ಟೀಮಿನ ಯಾರಿಗೆ ಕಷ್ಟದ ಕರೆ ಬಂದರೂ "ಕೊಡು, ನಾನು ನೋಡ್ಕೋತೀನಿ" ಎಂದು ಹೆಡ್‌ಸೆಟ್ ಕಸಿದುಕೊಳ್ಳುತ್ತಿದ್ದೆ. ಗ್ರಾಹಕರು ಶಾಂತರಾಗುತ್ತಿದ್ದರು. ನನಗೂ ಹೆಮ್ಮೆ. ಐದು ತಿಂಗಳಾದ ಮೇಲೆ ತಂಗಿಯ ಮದುವೆಗೆಂದು ವಾರ ರಜೆ ಹಾಕಿದೆ. ವಾಪಸ್ ಬಂದಾಗ ಎಸ್ಕಲೇಷನ್‌ಗಳ, ಅಂದರೆ ಬಗೆಹರಿಯದೆ ಮೇಲಿನವರಿಗೆ ಹೋದ ದೂರುಗಳ, ರಾಶಿ ಬಿದ್ದಿತ್ತು. ಐದು ತಿಂಗಳಲ್ಲಿ ನನ್ನ ಹುಡುಗರು ಕಷ್ಟದ ಕರೆಯನ್ನು ಕೊನೆಯವರೆಗೆ ನಡೆಸುವುದನ್ನು ಒಂದು ಸಲವೂ ಕಲಿತಿರಲಿಲ್ಲ. ಕಲಿಯುವ ಅವಕಾಶವನ್ನೇ ನಾನು ಕೊಟ್ಟಿರಲಿಲ್ಲ. ಅವತ್ತು ಮನಸ್ಸಿಗೆ ಬಹಳ ನೋವಾಯಿತು.

ಇದಕ್ಕೊಂದು ಹಳೆಯ, ಗಟ್ಟಿಯಾದ ತರಬೇತಿ ಪದ್ಧತಿ ಇದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಲಕ್ಷಗಟ್ಟಲೆ ಹೊಸ ಕೆಲಸಗಾರರು ಬಂದರು. ಅವರಿಗೆ ಬೇಗ ಕಲಿಸಬಲ್ಲ ಮೇಲ್ವಿಚಾರಕರು ಬೇಕಾದರು. ಅದಕ್ಕಾಗಿ 1940ರಲ್ಲಿ ಟ್ರೈನಿಂಗ್ ವಿದಿನ್ ಇಂಡಸ್ಟ್ರಿ ಎಂಬ ಕಾರ್ಯಕ್ರಮ ಶುರುವಾಯಿತು. ಯುದ್ಧ ಮುಗಿದ ಮೇಲೆ ಅದು ಜಪಾನಿಗೂ ಹೋಯಿತು. ಅದರಲ್ಲಿ ಕೆಲಸ ಕಲಿಸಲು ನಾಲ್ಕೇ ಹೆಜ್ಜೆ: ಕಲಿಯುವವರನ್ನು ಸಿದ್ಧ ಮಾಡು, ಮಾಡಿ ತೋರಿಸು, ಅವರ ಕೈಯಲ್ಲಿ ಮಾಡಿಸು, ಆಮೇಲೆ ಬಿಟ್ಟು ಬಿಟ್ಟು ಬಂದು ನೋಡು. ಕೆಲಸಗಾರ ಕಲಿತಿಲ್ಲ ಎಂದರೆ ಕಲಿಸುವವನು ಕಲಿಸಿಲ್ಲ ಎನ್ನುವುದು ಅವರ ಮಾತಾಗಿತ್ತು. ನಮ್ಮ ಬೆಂಗಳೂರಿನಲ್ಲೂ ಇದಕ್ಕೆ ಬೇರಿದೆ. ಕಾರ್ಖಾನೆಗಳ ಫೋರ್‌ಮನ್ ಮತ್ತು ಸೂಪರ್‌ವೈಸರ್‌ಗಳಿಗೆಂದೇ ಕೇಂದ್ರ ಸರ್ಕಾರ 1971ರಲ್ಲಿ ತುಮಕೂರು ರಸ್ತೆಯಲ್ಲಿ ಫೋರ್‌ಮನ್ ತರಬೇತಿ ಸಂಸ್ಥೆ ತೆರೆಯಿತು. ಒಳ್ಳೆಯ ಫಿಟ್ಟರ್ ತಾನಾಗಿಯೇ ಒಳ್ಳೆಯ ಫೋರ್‌ಮನ್ ಆಗುವುದಿಲ್ಲ ಎಂಬುದನ್ನು ಕಾರ್ಖಾನೆಯವರು ಆಗಲೇ ಅರಿತಿದ್ದರು. ಕಾಲ್ ಸೆಂಟರಿನವರು ಇನ್ನೂ ಪೂರ್ತಿ ಅರಿತಿಲ್ಲ.

ಆ ನಾಲ್ಕರಲ್ಲಿ ನಾನು ಎರಡನೆಯದಕ್ಕೇ ನಿಂತುಬಿಟ್ಟಿದ್ದೆ. ಮಾಡಿ ತೋರಿಸುತ್ತಿದ್ದೆ, ಅವರ ಕೈಯಲ್ಲಿ ಮಾಡಿಸುತ್ತಿರಲಿಲ್ಲ.

ಇನ್ನು ಸಂದರ್ಶನದಲ್ಲಿ ಏನಾಗುತ್ತದೆ ಎಂದು ನೋಡಿ. ನಾವು ಸಾಮಾನ್ಯವಾಗಿ ಕೇಳುವ ಒಂದು ಪ್ರಶ್ನೆ ಹೀಗಿರುತ್ತದೆ. "ನಿಮ್ಮ ಟೀಮಿನಲ್ಲಿ ಒಬ್ಬರ ಎಎಚ್‌ಟಿ ತುಂಬಾ ಚೆನ್ನಾಗಿದೆ, ಕರೆ ಬೇಗ ಮುಗಿಸುತ್ತಾರೆ. ಆದರೆ ಸಿಸ್ಯಾಟ್ ಬೀಳುತ್ತಿದೆ, ಗ್ರಾಹಕರು ಕಡಿಮೆ ಅಂಕ ಕೊಡುತ್ತಿದ್ದಾರೆ. ಏನು ಮಾಡುತ್ತೀರಿ?" ಹತ್ತರಲ್ಲಿ ಎಂಟು ಜನ "ಕರೆದು ಮಾತಾಡ್ತೀನಿ, ಮೋಟಿವೇಟ್ ಮಾಡ್ತೀನಿ" ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. ನಾವು ಕಾಯುತ್ತಿರುವ ಉತ್ತರ ಬೇರೆ: "ಮೊದಲು ಅವರ ಐದು ಕರೆ ಕೇಳ್ತೀನಿ. ಕಡಿಮೆ ಅಂಕ ಬಂದದ್ದು ಯಾವ ಥರದ ಕರೆಗೆ ಅಂತ ಬೇರೆ ಮಾಡ್ತೀನಿ. ಅದೇ ಗ್ರಾಹಕರು ಎರಡು ದಿನದಲ್ಲಿ ಮತ್ತೆ ಫೋನ್ ಮಾಡಿದ್ದಾರಾ ನೋಡ್ತೀನಿ. ಮಾಡಿದ್ದರೆ, ಇವರು ಟೈಮ್ ಉಳಿಸೋಕೆ ಸಮಸ್ಯೆ ಪೂರ್ತಿ ಬಗೆಹರಿಸದೆ ಕರೆ ಮುಗಿಸ್ತಿದ್ದಾರೆ ಅಂತ ಅರ್ಥ." ಇಷ್ಟು ಹೇಳಲು ದೊಡ್ಡ ಇಂಗ್ಲಿಷ್ ಬೇಕಿಲ್ಲ. ಎದ್ದು ನಿಂತು ಭಾಷಣ ಮಾಡುವ ಗಂಟಲೂ ಬೇಕಿಲ್ಲ. ಕರೆ ಕೇಳಿ ಕೇಳಿ ಬಂದ ಕಿವಿ ಬೇಕು.

ಲೆಕ್ಕವೂ ಬೇಕು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕರೆ ತೆಗೆದುಕೊಳ್ಳುವ ಏಜೆಂಟ್‌ಗಳಿಗೆ ಯಾರೂ ಕಲಿಸದ ವಿಷಯ ಇದು.

ನಿಮ್ಮ ಕ್ಯೂಗೆ ಗಂಟೆಗೆ 100 ಕರೆ ಬರುತ್ತವೆ, ಒಂದೊಂದಕ್ಕೆ ಸರಾಸರಿ 6 ನಿಮಿಷ ಎಂದುಕೊಳ್ಳಿ. ಅಂದರೆ 600 ನಿಮಿಷದ ಕೆಲಸ. ಹತ್ತು ಜನ ಒಂದು ಗಂಟೆ ಉಸಿರು ಬಿಡದೆ ಮಾತಾಡಿದರೆ ಮುಗಿಯುವಷ್ಟು. ಹಾಗಾದರೆ ಹತ್ತು ಜನ ಸಾಕಲ್ಲ ಎನಿಸುತ್ತದೆ. ಸಾಲದು. ಕರೆಗಳು ಸಾಲಾಗಿ, ಅಚ್ಚುಕಟ್ಟಾಗಿ ಬರುವುದಿಲ್ಲ. ಒಮ್ಮೆಗೇ ಗುಂಪಾಗಿ ಬರುತ್ತವೆ, ಆಮೇಲೆ ಸುಮ್ನೆ ಇರುತ್ತವೆ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎ. ಕೆ. ಎರ್ಲಾಂಗ್ ಎಂಬವರು ನೂರು ವರ್ಷಕ್ಕೂ ಹಿಂದೆ ಇದಕ್ಕೆ ಸೂತ್ರ ಬರೆದರು. ಅವರ ಸೂತ್ರ 1917ರದ್ದು. ಕಾಲ್ ಸೆಂಟರುಗಳ ರೋಸ್ಟರ್ (ಪಾಳಿ ಪಟ್ಟಿ) ಲೆಕ್ಕಕ್ಕೆ ಇವತ್ತಿಗೂ ಅದೇ ಬುಡ. ಆ ಸೂತ್ರಕ್ಕೆ ನಮ್ಮ ಅಂಕಿ ಹಾಕಿದರೆ, 13 ಜನ ಫೋನಿನಲ್ಲಿದ್ದಾಗ ಗ್ರಾಹಕರು ಸರಾಸರಿ ಸುಮಾರು 34 ಸೆಕೆಂಡ್ ಕಾಯುತ್ತಾರೆ. 12 ಜನರಾದರೆ 81 ಸೆಕೆಂಡ್. 11ಕ್ಕೆ ಇಳಿದರೆ ನಾಲ್ಕು ನಿಮಿಷಕ್ಕೂ ಜಾಸ್ತಿ. 10ಕ್ಕೆ ಇಳಿದರೆ ಕ್ಯೂ ಕರಗುವುದೇ ಇಲ್ಲ, ಬೆಳೆಯುತ್ತಲೇ ಹೋಗುತ್ತದೆ.

ನೋಡಿ, ಇಬ್ಬರು ಗೆಳೆಯರು ಒಟ್ಟಿಗೆ ಟೀ ಕುಡಿಯಲು ಎದ್ದರೆ ಅರ್ಧ ನಿಮಿಷದ ಕಾಯುವಿಕೆ ನಾಲ್ಕು ನಿಮಿಷವಾಗುತ್ತದೆ. ನಾಲ್ಕು ನಿಮಿಷ ಕಾದ ಗ್ರಾಹಕರು ಬೈಯುತ್ತಲೇ ಮಾತು ಶುರು ಮಾಡುತ್ತಾರೆ. ಬೈಗುಳ ತಿಂದ ಏಜೆಂಟ್ ಕರೆಗೆ ಎಂಟು ನಿಮಿಷ ತೆಗೆದುಕೊಳ್ಳುತ್ತಾನೆ. ಕ್ಯೂ ಇನ್ನೂ ಉದ್ದವಾಗುತ್ತದೆ. ಟಿಎಲ್‌ಗಳು ಬ್ರೇಕ್ ಬಗ್ಗೆ ಯಾಕೆ ಅಷ್ಟು ತಲೆ ಕೆಡಿಸಿಕೊಳ್ಳುತ್ತಾರೆ ಎಂದು ನಿಮಗೆ ಯಾವತ್ತಾದರೂ ಬೇಜಾರಾಗಿರಬಹುದು. ಕಾರಣ ಇದು. ಈ ಲೆಕ್ಕ ಗೊತ್ತಿಲ್ಲದ ಟಿಎಲ್ "ಎದ್ದೇಳಬೇಡಿ" ಎಂದು ಕೂಗುತ್ತಾನೆ. ಗೊತ್ತಿರುವವನು ಬೆಳಗಿನ ಹಡಲ್‌ನಲ್ಲೇ, ಅಂದರೆ ಟೀಮಿನ ಪುಟ್ಟ ಸಭೆಯಲ್ಲೇ, ಟೀ ಸರದಿ ಹಂಚಿಬಿಡುತ್ತಾನೆ, ಯಾಕೆ ಎಂದೂ ಹೇಳುತ್ತಾನೆ. ಆಮೇಲೆ ಕೂಗುವ ಪ್ರಸಂಗ ಅಪರೂಪ.

"ಹೇಗೆ ಜೋರು ಮಾಡಲಿ" ಎಂಬ ನಿಮ್ಮ ಪ್ರಶ್ನೆಗೆ ಇಲ್ಲೇ ಅರ್ಧ ಉತ್ತರವಿದೆ. ಉಳಿದರ್ಧ ಮಾತಿನಲ್ಲಿದೆ. ನನ್ನ ತರಗತಿಯಲ್ಲಿ ಹೆಚ್ಚು ಹೊತ್ತು ಹೋಗುವುದು ಇದಕ್ಕೇ, ಹಾಗಾಗಿ ಇಲ್ಲೂ ಸ್ವಲ್ಪ ನಿಲ್ಲುತ್ತೇನೆ.

ನಿಮ್ಮ ಗೆಳೆಯ ಒಂದು ರಿಫಂಡ್ ಕರೆ ಕೆಡಿಸಿದ ಎಂದುಕೊಳ್ಳಿ. ಸಾಮಾನ್ಯ ಟಿಎಲ್ ಹೇಳುವುದು: "ಎಂಪಥಿ ಇಲ್ಲ ಕಣೋ ನಿನ್ನ ಕಾಲ್‌ನಲ್ಲಿ." ಇದನ್ನು ಕೇಳಿ ಅವನು ನಾಳೆ ಏನು ಬದಲಾಯಿಸಬೇಕು? ಗೊತ್ತಾಗುವುದಿಲ್ಲ. ಬರೀ ಅವಮಾನ ಉಳಿಯುತ್ತದೆ. ಅದರ ಬದಲು ಪಕ್ಕದಲ್ಲಿ ಕೂತು ಆ ಕರೆಯ ರೆಕಾರ್ಡಿಂಗ್ ಹಾಕಿ. "ಎರಡನೇ ನಿಮಿಷದಲ್ಲಿ ಆಯಮ್ಮ 'ಇದು ಮೂರನೇ ಸಲ ಫೋನ್ ಮಾಡ್ತಿರೋದು' ಅಂದ್ರು. ನೀನು ಆರ್ಡರ್ ನಂಬರ್ ಕೇಳ್ದೆ. ಆ ಜಾಗ ಇನ್ನೊಂದು ಸಲ ಕೇಳೋಣ. ಅಲ್ಲಿ ಏನು ಹೇಳಬಹುದಿತ್ತು?" ಎಂದು ಕೇಳಿ, ಆಮೇಲೆ ಬಾಯಿ ಮುಚ್ಚಿಕೊಂಡು ಕಾಯಿರಿ. ಹತ್ತು ಸೆಕೆಂಡ್ ಮೌನ ಇರುತ್ತದೆ. ಮಾತುಗಾರರಿಗೆ ಆ ಹತ್ತು ಸೆಕೆಂಡ್ ತಡೆಯಲು ಆಗುವುದೇ ಇಲ್ಲ, ಉತ್ತರ ತಾವೇ ಹೇಳಿಬಿಡುತ್ತಾರೆ. ನಿಮ್ಮಂಥ ಕಡಿಮೆ ಮಾತಿನವರಿಗೆ ಆಗುತ್ತದೆ. ಅವನೇ ಹೇಳುತ್ತಾನೆ: "ಮೂರು ಸಲ ಅಂದ್ರೆ ಸಿಟ್ಟು ಬಂದಿರುತ್ತೆ, ಮೊದಲು ಹಿಂದಿನ ಎರಡು ಕರೆ ನೋಡ್ತೀನಿ ಅನ್ನಬಹುದಿತ್ತು." ಅಷ್ಟೇ ಬೇಕಿರುವುದು. ಒಂದು ಸಲಕ್ಕೆ ಒಂದೇ ತಿದ್ದುಪಡಿ. ಮರುದಿನ ಅಂಥದ್ದೇ ಇನ್ನೊಂದು ಕರೆ ಕೇಳಿ, ಬದಲಾಗಿದ್ದರೆ ಹೇಳಿ. ನಾಲ್ಕನೇ ಹೆಜ್ಜೆ ಅದು.

ಕನ್ನಡ ಪ್ರೋಸೆಸ್‌ನಲ್ಲಿ, ಅಂದರೆ ಕನ್ನಡ ಕರೆಗಳ ವಿಭಾಗದಲ್ಲಿ, ನಿಮಗೊಂದು ದೊಡ್ಡ ಅನುಕೂಲವಿದೆ. ನೀವೇ ಅದನ್ನು ಗಮನಿಸಿದಂತಿಲ್ಲ. ನಮ್ಮ ಸ್ಕ್ರಿಪ್ಟುಗಳಲ್ಲಿ ಬಹಳಷ್ಟು ಇಂಗ್ಲಿಷಿನಿಂದ ಇಳಿಸಿದವು. "ನಿಮಗಾದ ಅನಾನುಕೂಲತೆಗೆ ವಿಷಾದಿಸುತ್ತೇವೆ" ಎಂದು ಹುಬ್ಬಳ್ಳಿ ಕಡೆಯ ಗ್ರಾಹಕರಿಗೆ ಹೇಳಿ ನೋಡಿ. "ವಿಷಾದ ಗಿಷಾದ ಬ್ಯಾಡ್ರೀ, ರೊಕ್ಕ ಯಾವಾಗ ಬರ್ತದ ಅಷ್ಟ ಹೇಳ್ರಿ" ಎನ್ನುತ್ತಾರೆ. ಅದೇ ಕರೆಯಲ್ಲಿ "ತಪ್ಪಾಗಿದೆ ಸರ್, ರಿಫಂಡ್ ನಮ್ಮ ಕಡೆಯಿಂದಲೇ ತಡ ಆಗಿದೆ. ಎರಡು ನಿಮಿಷ ಇರ್ತೀರಾ, ಎಲ್ಲಿ ನಿಂತಿದೆ ನೋಡಿ ಹೇಳ್ತೀನಿ" ಎಂದರೆ ದನಿ ಇಳಿಯುತ್ತದೆ. ಹಿಂದೆ ನನ್ನ ಬ್ಯಾಚಿನಲ್ಲಿ ರಾಯಚೂರು ಕಡೆಯ ಹುಡುಗಿಯೊಬ್ಬಳಿದ್ದಳು. "ಹೌದ್ರೀ", "ನೋಡ್ತೀನ್ರೀ" ಎಂದು ಮಾತಾಡುತ್ತಾಳೆಂದು, ಕರೆ ಕೇಳಿ ಅಂಕ ಹಾಕುವ ಕ್ವಾಲಿಟಿಯವರು ಅವಳ ಅಂಕ ಕತ್ತರಿಸುತ್ತಿದ್ದರು. ಉತ್ತರ ಕರ್ನಾಟಕದ ಗ್ರಾಹಕರು ಅವಳಿಗೇ ಜಾಸ್ತಿ ಅಂಕ ಕೊಡುತ್ತಿದ್ದರು. ಎರಡೂ ಪಟ್ಟಿ ಅಕ್ಕಪಕ್ಕ ಇಟ್ಟು, ಅಂಕ ಹಾಕುವವರೆಲ್ಲ ಕೂತು ಒಂದೇ ಅಳತೆಗೆ ಬರುವ ಕ್ಯಾಲಿಬ್ರೇಷನ್ ಮೀಟಿಂಗಿಗೆ ಒಯ್ದೆ. ಚೆಕ್‌ಲಿಸ್ಟಿನಲ್ಲಿ ಆ ಸಾಲು ತೆಗೆಸಲು ಎರಡು ತಿಂಗಳು ಹಿಡಿಯಿತು. ತೆಗೆದರು. ದಾವಣಗೆರೆಯವರಿಗೆ ಈ ಕಡೆಯ ಮಾತೂ ಗೊತ್ತು, ಆ ಕಡೆಯ ಮಾತೂ ಕಿವಿಗೆ ಬಿದ್ದಿರುತ್ತದೆ. ಇದನ್ನು ಟೀಮಿಗೆ ಕಲಿಸಬಲ್ಲ ಟಿಎಲ್ ನಿಜವಾಗಿ ಬೆಲೆಬಾಳುತ್ತಾರೆ.

ಇಂಗ್ಲಿಷ್ ಬಗ್ಗೆ ಸುಳ್ಳು ಸಮಾಧಾನ ಹೇಳುವುದಿಲ್ಲ. ಕನ್ನಡ ಟೀಮಿನ ಟಿಎಲ್‌ಗೂ ಮೇಲ್ ಬರೆಯಬೇಕು, ವಾರಕ್ಕೊಮ್ಮೆ ಕ್ಲೈಂಟ್ ಕರೆಯಲ್ಲಿ ಅಂಕಿ ವಿವರಿಸಬೇಕು. ಆದರೆ ಅದಕ್ಕೆ ಬೇಕಾದದ್ದು ಸೀಮಿತ ಇಂಗ್ಲಿಷ್. ಏನಾಯಿತು, ಯಾಕಾಯಿತು, ಏನು ಮಾಡಿದ್ದೇವೆ, ಯಾವಾಗ ಸರಿಯಾಗುತ್ತದೆ: ಈ ನಾಲ್ಕು ಸಾಲು ತಪ್ಪಿಲ್ಲದೆ ಬರೆಯಲು ಬಂದರೆ ಮೇಲ್ ಆಯಿತು. ದಿನಕ್ಕೊಂದು ಹಾಗೆ ಬರೆದು ಯಾರಿಗಾದರೂ ತೋರಿಸಿ. ಮೂರು ತಿಂಗಳು ಸಾಕು. ಎಕ್ಸೆಲ್ ಕೂಡ ಹೀಗೇ. ಫಿಲ್ಟರ್, ಸರಾಸರಿ, ಪಿವೋಟ್ ಟೇಬಲ್ ಬಂದರೆ ಟಿಎಲ್‌ನ ದಿನದ ಕೆಲಸದ ಬಹುಪಾಲು ನಡೆಯುತ್ತದೆ.

ಈಗ ಕೋರ್ಸಿನ ಮಾತಿಗೆ ಬರೋಣ. ಸರ್ಟಿಫಿಕೇಟ್‌ಗೆ ಬೆಲೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಕೆಲಸವೇ ಇಲ್ಲದ ಹುಡುಗನಿಗೆ ಮೊದಲ ಬಾಗಿಲು ತೆರೆಯಲು ಅದು ನೆರವಾಗಬಹುದು. ನಾಲ್ಕು ವರ್ಷ ಒಳಗೇ ಇರುವವರಿಗೆ ಐಜೆಪಿಯಲ್ಲಿ ಅದರ ತೂಕ ಕಡಿಮೆ. ನಾನು ಕೂತ ಯಾವ ಸಂದರ್ಶನದಲ್ಲೂ ಸರ್ಟಿಫಿಕೇಟ್ ನೋಡಿ ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಆರಿಸಿದ್ದು ನೆನಪಿಲ್ಲ.

"ನೂರಕ್ಕೆ ನೂರು ಕೆಲಸ ಖಾತ್ರಿ" ಎಂಬ ಮಾತು ಕೇಳಿದ ಕೂಡಲೇ ಎಚ್ಚರವಾಗಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಕೋಚಿಂಗ್ ಸಂಸ್ಥೆಗಳ ಜಾಹೀರಾತಿನ ಬಗ್ಗೆ 2024ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆಯ್ಕೆ ಖಾತ್ರಿ, ಕೆಲಸ ಖಾತ್ರಿ ಎಂದು ಸುಳ್ಳು ಆಸೆ ತೋರಿಸುವುದನ್ನು ಅದು ತಡೆಯುತ್ತದೆ. ಹಾಗಾಗಿ ಸಂಸ್ಥೆಯವರನ್ನು ನೇರವಾಗಿ ಕೇಳಿ. ಖಾತ್ರಿ ಎಂದರೆ ಯಾವ ಹುದ್ದೆ, ಎಷ್ಟು ಸಂಬಳ, ಯಾವ ಊರು, ಬರಹದಲ್ಲಿ ಕೊಡುತ್ತೀರಾ? ಕೆಲಸ ಸಿಗದಿದ್ದರೆ ಫೀಸು ವಾಪಸ್ ಎಷ್ಟು ದಿನದಲ್ಲಿ? ಹಿಂದಿನ ಬ್ಯಾಚಿನ ಇಬ್ಬರ ಜೊತೆ ಮಾತಾಡಿಸುತ್ತೀರಾ? ಕೋರ್ಸಿಗೆ ಎನ್‌ಸಿವಿಇಟಿ ಮಾನ್ಯತೆ ಇದೆಯಾ? ಎನ್‌ಸಿವಿಇಟಿ ಎಂದರೆ ಕೌಶಲ ಕೋರ್ಸುಗಳಿಗೆ ಮಾನ್ಯತೆ ಕೊಡುವ ಕೇಂದ್ರದ ಸಂಸ್ಥೆ. ಮಾನ್ಯತೆ ಇರುವ ಕೋರ್ಸುಗಳು ರಾಷ್ಟ್ರೀಯ ಅರ್ಹತಾ ರಿಜಿಸ್ಟರ್‌ನಲ್ಲಿ ಸಿಗುತ್ತವೆ, ಯಾರು ಬೇಕಾದರೂ ಹುಡುಕಿ ನೋಡಬಹುದು. ಈ ಪ್ರಶ್ನೆಗಳಿಗೆ "ಮೊದಲು ಸೀಟ್ ಬುಕ್ ಮಾಡಿ, ಆಮೇಲೆ ಹೇಳ್ತೀವಿ" ಎಂಬ ಉತ್ತರ ಬಂದರೆ ಅಲ್ಲಿಂದ ಎದ್ದು ಬನ್ನಿ. ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಇಂಥದ್ದೇ ಕೋರ್ಸಿಗೆ ಸಾಲ ಮಾಡಿ ಕಟ್ಟಿದರು. ಸಿಕ್ಕಿದ್ದು ಅವರು ಮೊದಲೇ ಮಾಡುತ್ತಿದ್ದ ಏಜೆಂಟ್ ಕೆಲಸವೇ, ಅದೂ ಕಡಿಮೆ ಸಂಬಳಕ್ಕೆ. ಸಂಸ್ಥೆಯ ಪಟ್ಟಿಯಲ್ಲಿ ಮಾತ್ರ ಅವರು "ಪ್ಲೇಸ್ ಆದವರು."

ಕಡಿಮೆ ಖರ್ಚಿನ ದಾರಿಗಳಿವೆ. ಕೇಂದ್ರದ ಸ್ವಯಂ ಪೋರ್ಟಲ್‌ನಲ್ಲಿ ಸಾಫ್ಟ್ ಸ್ಕಿಲ್ಸ್, ಮ್ಯಾನೇಜ್‌ಮೆಂಟ್ ಕೋರ್ಸುಗಳನ್ನು ಉಚಿತವಾಗಿ ನೋಡಬಹುದು, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷಾ ಶುಲ್ಕ ಕಟ್ಟಬೇಕು. ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದ ಸ್ಕಿಲ್ ಕನೆಕ್ಟ್ ಪೋರ್ಟಲ್ ಇದೆ. ರಿಟೇಲ್ ಅಂಗಡಿಗಳ ಟೀಮ್ ಲೀಡರ್ ಕೆಲಸಕ್ಕೆ ಆ ಕ್ಷೇತ್ರದ ಕೌಶಲ ಮಂಡಳಿಯೇ ಪಠ್ಯ ಮಾಡಿದೆ. ಇವೆಲ್ಲ ನಿಮಗೆ ಶಬ್ದ, ಚೌಕಟ್ಟು ಕೊಡುತ್ತವೆ. ಅಭ್ಯಾಸ ಮಾತ್ರ ಫ್ಲೋರಿನಲ್ಲೇ ಆಗಬೇಕು.

ಹಾಗಾದರೆ ಏನು ಮಾಡುವುದು? ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಮ್ಯಾನೇಜರ್ ಹತ್ತಿರ ಹದಿನೈದು ನಿಮಿಷ ಕೇಳುತ್ತಿದ್ದೆ. "ಎರಡು ಸಲ ಆಯ್ಕೆ ಆಗಲಿಲ್ಲ. ಬೇಜಾರಿಲ್ಲ ಅಂತ ಹೇಳಲ್ಲ. ಆದರೆ ಮೂರನೇ ಸಲಕ್ಕೆ ನಾನು ಏನು ಮಾಡಿ ತೋರಿಸಬೇಕು ಅಂತ ಹೇಳಿ" ಎಂದು. ಉತ್ತರ ಮತ್ತೆ "ಲೀಡರ್‌ಶಿಪ್" ಎಂದು ಬಂದರೆ, ಆಯ್ಕೆಯಾದವರು ಹೇಳಿದ ಯಾವ ಉತ್ತರ ನಿಮಗೆ ಇಷ್ಟವಾಯಿತು ಎಂದು ಕೇಳಿ. ಅಲ್ಲಿ ನಿಜ ಸಂಗತಿ ಹೊರಬರುತ್ತದೆ. ಆಮೇಲೆ ಒಂದು ಸಣ್ಣ ಜವಾಬ್ದಾರಿ ಕೇಳಿ: ನೆಸ್ಟಿಂಗ್‌ನಲ್ಲಿರುವ (ತರಬೇತಿ ಮುಗಿಸಿ ಈಗಷ್ಟೇ ನಿಜವಾದ ಕರೆ ತೆಗೆದುಕೊಳ್ಳುತ್ತಿರುವ) ಇಬ್ಬರು ಹೊಸಬರಿಗೆ ಬಡ್ಡಿ (ಪಕ್ಕದಲ್ಲಿ ಕೂತು ಕಲಿಸುವ ಜೊತೆಗಾರ) ಆಗಿರುವುದು, ವಾರಕ್ಕೆರಡು ಹಡಲ್ ನಡೆಸುವುದು, ಕ್ಯಾಲಿಬ್ರೇಷನ್ ಮೀಟಿಂಗಿನಲ್ಲಿ ಕೂರುವುದು. ಎಸ್‌ಎಂಇ ಹುದ್ದೆ, ಅಂದರೆ ಟೀಮಿನವರ ಸಂದೇಹ ಬಗೆಹರಿಸುವ ಅನುಭವಿಯ ಹುದ್ದೆ, ಖಾಲಿ ಇದ್ದರೆ ಅದಕ್ಕೇ ಅರ್ಜಿ ಹಾಕಿ. ಇದಕ್ಕೆ ಯಾವ ಕಂಪನಿಯೂ ಫೀಸು ಕೇಳುವುದಿಲ್ಲ.

ಮೂರು ತಿಂಗಳು ಒಂದು ಪುಸ್ತಕ ಇಡಿ. ಹೊಸಬ ಬಂದಾಗ ಸ್ಕೋರು ಎಷ್ಟಿತ್ತು, ಯಾವ ಕರೆ ಕೇಳಿಸಿಕೊಂಡಿರಿ, ಯಾವ ಒಂದು ವಿಷಯ ತಿದ್ದಿದಿರಿ, ಎರಡು ವಾರದ ಮೇಲೆ ಏನಾಯಿತು. ತಿದ್ದದೇ ಹೋದದ್ದನ್ನೂ ಬರೆಯಿರಿ. ಮುಂದಿನ ಐಜೆಪಿಗೆ ಈ ಪುಸ್ತಕ ಕೈಯಲ್ಲಿದ್ದರೆ ಮಾತು ತಾನಾಗೇ ಬರುತ್ತದೆ. ಕಡಿಮೆ ಮಾತಿನವರಿಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ.

ಇದರಲ್ಲೂ ಅಪಾಯವಿದೆ. ಕೆಲವು ಕಡೆ ಬಡ್ಡಿ, ಎಸ್‌ಎಂಇ ಎಂದು ಹೆಸರಿಟ್ಟು ವರ್ಷಗಟ್ಟಲೆ ಪುಕ್ಕಟೆ ದುಡಿಸಿಕೊಳ್ಳುತ್ತಾರೆ. ನಿಮ್ಮ ಕರೆ ಸಂಖ್ಯೆ ಕಡಿಮೆಯಾಗಿ ಇನ್‌ಸೆಂಟಿವ್ ಹೋಗಬಹುದು. ಆದ್ದರಿಂದ ಶುರುವಿನಲ್ಲೇ ಮೂರು ತಿಂಗಳೋ ಆರು ತಿಂಗಳೋ ಎಂದು ಮಾತಾಡಿಕೊಂಡು, ಮೇಲ್‌ನಲ್ಲಿ ಹಾಕಿಸಿಕೊಳ್ಳಿ.

ನಿಯಮಗಳನ್ನೂ ಓದಿಕೊಳ್ಳಿ. ಸೂಪ್ ಕಾಲ್ ಬಂದಾಗ, ಅಂದರೆ "ನಿಮ್ಮ ಮೇಲಿನವರಿಗೆ ಕೊಡಿ" ಎಂದು ಗ್ರಾಹಕರು ಪಟ್ಟು ಹಿಡಿದಾಗ, ನಿಮಗೆ ಕಾನೂನು ಗೊತ್ತಿರಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಬಂದದ್ದನ್ನು 48 ಗಂಟೆಯೊಳಗೆ ಒಪ್ಪಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಗ್ರಾಹಕರು ಬೇಕಾದರೆ 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು. ಆನ್‌ಲೈನ್ ಶಾಪಿಂಗ್ ಪ್ರೋಸೆಸ್‌ನಲ್ಲಿದ್ದೂ ಇದು ಗೊತ್ತಿಲ್ಲದ ಟಿಎಲ್‌ಗಳನ್ನು ನೋಡಿದ್ದೇನೆ. ಸಂದರ್ಶನದಲ್ಲಿ ಇದನ್ನು ಹೇಳಿದರೆ ಎದುರಿನವರು ಪೆನ್ನು ತೆಗೆದು ಬರೆದುಕೊಳ್ಳುತ್ತಾರೆ.

ಬೇರೆ ಕಂಪನಿಗೆ ಹೋಗುವುದು ಇನ್ನೊಂದು ದಾರಿ. ನಾಲ್ಕು ವರ್ಷದ ಅನುಭವಕ್ಕೆ ಏಜೆಂಟ್ ಸಂಬಳ ಏರಬಹುದು. ಆದರೆ ತಂಡ ನೋಡಿಕೊಂಡ ಅನುಭವವಿಲ್ಲದವರನ್ನು ಹೊರಗಿನಿಂದ ನೇರ ಟಿಎಲ್ ಮಾಡುವುದು ಕಡಿಮೆ. ಹೊಸ ಕಡೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು, ಯಾಕೆಂದರೆ ಸೇರಿದ ಕೂಡಲೇ ಐಜೆಪಿಗೆ ಅರ್ಜಿ ಹಾಕಲು ಸಾಮಾನ್ಯವಾಗಿ ಬಿಡುವುದಿಲ್ಲ. ಮೂರನೇ ಸಲವೂ ಕಾರಣ ಹೇಳದೆ ಬಿಟ್ಟರೆ ಮಾತ್ರ ಇದನ್ನು ಯೋಚಿಸಿ. ಆಗ ನಿಮ್ಮ ಪುಸ್ತಕ ಜೊತೆಗೇ ಬರುತ್ತದೆ.

ಇನ್ನೊಂದು ಮಾತು. ನೀವು ಟಿಎಲ್ಲೇ ಆಗಬೇಕಾ ಎಂದೂ ಒಮ್ಮೆ ಕೇಳಿಕೊಳ್ಳಿ. ಮನೆಯವರು, ಗೆಳೆಯರು ಅದೊಂದನ್ನೇ ಬೆಳವಣಿಗೆ ಎಂದುಕೊಂಡಿರುತ್ತಾರೆ. ಟಿಎಲ್‌ಗೆ ಎರಡು ಕಡೆಯ ಒತ್ತಡ ಇರುತ್ತದೆ. ಶಿಫ್ಟ್ ಮುಗಿದರೂ ವಾಟ್ಸಾಪ್ ನಿಲ್ಲುವುದಿಲ್ಲ. ಹಲವು ಕಡೆ ಏಜೆಂಟ್‌ನ ಇನ್‌ಸೆಂಟಿವ್ ತಪ್ಪುವುದರಿಂದ ಮೊದಲ ಕೆಲವು ತಿಂಗಳು ಕೈಗೆ ಬರುವ ದುಡ್ಡು ಹೆಚ್ಚೇನೂ ಏರುವುದಿಲ್ಲ. ಆಫರ್ ಬಂದಾಗ ಈ ಲೆಕ್ಕ ಕಾಗದದ ಮೇಲೆ ಹಾಕಿ ನೋಡಿ. ಕಿವಿ ಚುರುಕಿದ್ದು, ಹದಿನೈದು ಜನರ ರಜೆ, ಜಗಳ, ಅಳು ಬೇಡ ಎನಿಸಿದರೆ ಕ್ವಾಲಿಟಿ ವಿಭಾಗವಿದೆ. ಮೇಲಿನ ಎರ್ಲಾಂಗ್ ಲೆಕ್ಕ ಓದಿ ನಿಮಗೆ ಖುಷಿಯಾಗಿದ್ದರೆ ರೋಸ್ಟರ್ ಯೋಜಿಸುವ ವರ್ಕ್‌ಫೋರ್ಸ್ ವಿಭಾಗ ನಿಮ್ಮಂಥವರನ್ನೇ ಹುಡುಕುತ್ತಿರುತ್ತದೆ. ಕಲಿಸುವುದು ಇಷ್ಟವಾದರೆ ಟ್ರೈನರ್ ಆಗಬಹುದು. ಸುಲಭದ ಪ್ರಶ್ನೆಗಳಿಗೆ ಈಗ ಚಾಟ್‌ಬಾಟ್‌ಗಳೇ ಉತ್ತರ ಕೊಡುತ್ತಿವೆ. ಮನುಷ್ಯರ ಹತ್ತಿರ ಬರುವುದು ಸಿಕ್ಕು ಬಿದ್ದ, ಸಿಟ್ಟು ತುಂಬಿದ ಕರೆಗಳು. ಅಂಥ ಕರೆಯನ್ನು ಬಿಡಿಸಿ ನೋಡಿ ಇನ್ನೊಬ್ಬರಿಗೆ ಕಲಿಸುವ ಕೆಲಸ ಈ ಎಲ್ಲ ವಿಭಾಗಗಳಲ್ಲೂ ಉಳಿಯುತ್ತದೆ ಎಂದು ನನ್ನ ನಂಬಿಕೆ.

ಗೆಳೆಯರ ವಿಷಯ ಹೇಳಿ ಮುಗಿಸುತ್ತೇನೆ. ಅವರ ಮೇಲೇ ಟಿಎಲ್ ಆದರೆ ಮೊದಲ ವಾರವೇ ಒಬ್ಬೊಬ್ಬರ ಜೊತೆ ಹತ್ತು ನಿಮಿಷ ಬೇರೆಯಾಗಿ ಕೂರಿ. "ಊಟ ಒಟ್ಟಿಗೇ ಮಾಡೋಣ. ರಜೆ, ಸ್ಕೋರು, ರೋಸ್ಟರ್ ವಿಷಯದಲ್ಲಿ ಮಾತ್ರ ಎಲ್ಲರಿಗೂ ಒಂದೇ ನಿಯಮ. ನನ್ನಿಂದ ನಿನಗೆ ಏನು ಬೇಕು, ಏನು ಬೇಡ ಹೇಳು" ಎನ್ನಿ. ಒಬ್ಬಿಬ್ಬರು ಮುನಿಸಿಕೊಳ್ಳುತ್ತಾರೆ. ನನ್ನ ಜೊತೆ ಒಬ್ಬ ಎರಡು ತಿಂಗಳು ಮಾತು ಬಿಟ್ಟಿದ್ದ. ಹಬ್ಬದ ದಿನದ ರೋಸ್ಟರ್‌ನಲ್ಲಿ ನನ್ನ ಹೆಸರನ್ನೇ ಮೊದಲು ಹಾಕಿಕೊಂಡಾಗ ಅವನೇ ಬಂದು ಮಾತಾಡಿಸಿದ.

ಅಮ್ಮನಿಗೆ ಸರ ಹಾಗೇ ಇರಲಿ ಎಂದು ಇವತ್ತೇ ಫೋನ್ ಮಾಡಿ ಹೇಳಿ. ಈ ವಾರ ಮ್ಯಾನೇಜರ್ ಹತ್ತಿರ ಆ ಹದಿನೈದು ನಿಮಿಷ ಕೇಳಿ. ಅವರು ಏನು ಹೇಳಿದರು ಎಂಬುದನ್ನು ಅವರದೇ ಮಾತಿನಲ್ಲಿ ನನಗೆ ಬರೆಯಿರಿ, ಮುಂದಿನ ಸಂದರ್ಶನಕ್ಕೆ ಹೇಗೆ ತಯಾರಾಗುವುದು ಎಂದು ಅದನ್ನು ಇಟ್ಟುಕೊಂಡೇ ನೋಡೋಣ.